ಕೆಲಸ ಬಿಟ್ಟು ಕಾಡಿನ ಚಿತ್ರ ಮಾಡಲು ಹೊರಡಲೇ?

ಓದುಗರ ಪ್ರಶ್ನೆ: ನನಗೆ 27 ವರ್ಷ. ಊರು ಸಾಗರ ತಾಲ್ಲೂಕು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ನಮ್ಮ ಅಡಿಕೆ ತೋಟದ ಮೇಲಿನ ಕಾಡಿಗೆ ಸಿಂಗಳೀಕಗಳು, ಅಂದರೆ ಸಿಂಹಬಾಲದ ಕಪ್ಪು ಮಂಗಗಳು, ಬರುತ್ತವೆ. ಚಿಕ್ಕಂದಿನಿಂದ ಅವನ್ನು ನೋಡಿಕೊಂಡೇ ಬೆಳೆದವಳು ನಾನು. ಶರಾವತಿ ಕಣಿವೆಯಲ್ಲಿ ಪಂಪ್ಡ್ ಸ್ಟೋರೇಜ್ ಜಲವಿದ್ಯುತ್ ಯೋಜನೆ ಬರುತ್ತದೆ ಅಂದಾಗಿನಿಂದ ಮನಸ್ಸು ತಡೆಯುತ್ತಿಲ್ಲ. ಕೆಲಸ ಬಿಟ್ಟು, ಉಳಿತಾಯದ ಆರು ಲಕ್ಷಕ್ಕೆ ಸಾಲ ಸೇರಿಸಿ ದೊಡ್ಡ ಲೆನ್ಸ್, ಕ್ಯಾಮೆರಾ ಕೊಂಡು ಸಾಕ್ಷ್ಯಚಿತ್ರ ಮಾಡಬೇಕು ಅಂತಿದ್ದೇನೆ. ಚಿತ್ರ ಚೆನ್ನಾಗಿ ಬಂದರೆ ಯೋಜನೆ ನಿಲ್ಲುತ್ತದೆ ಎಂದು ಗೆಳೆಯರು ಹೇಳುತ್ತಾರೆ. ಸಣ್ಣ ಕ್ಯಾಮೆರಾಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಡ ಅಂತಲೂ ಹೇಳುತ್ತಾರೆ. ಅಪ್ಪ ಮಾತ್ರ, "ಕಾಡು ಸುತ್ತಿದರೆ ಹೊಟ್ಟೆ ತುಂಬುತ್ತಾ? ಹುಡುಗಿ ಒಬ್ಬಳೇ ಅಲ್ಲಿ ಏನು ಮಾಡ್ತೀಯ?" ಅಂತ ಕೇಳುತ್ತಾರೆ. ಇದಕ್ಕೆ ಕೋರ್ಸ್ ಮಾಡಬೇಕಾ? ಈ ಕಸುಬಿನಲ್ಲಿ ಬದುಕು ಸಾಗುತ್ತಾ?

ಉತ್ತರ:

ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಹೆಣೆದುಕೊಂಡಿವೆ. ಈ ಕಸುಬು ನನಗೆ ಅನ್ನ ಕೊಡುತ್ತಾ ಅನ್ನುವುದು ಒಂದು. ನಮ್ಮ ಕಣಿವೆಗೆ ನನ್ನಿಂದ ಏನಾದರೂ ಆಗುತ್ತಾ ಅನ್ನುವುದು ಇನ್ನೊಂದು. ಕೆಲಸ ಬಿಟ್ಟು ಕ್ಯಾಮೆರಾ ಕೊಂಡರೆ ಎರಡಕ್ಕೂ ಒಟ್ಟಿಗೆ ಉತ್ತರ ಸಿಗುತ್ತದೆ ಅಂತ ನೀವು ಅಂದುಕೊಂಡಿದ್ದೀರಿ. ಹಾಗೆ ಸಿಗುವುದಿಲ್ಲ. ವನ್ಯಜೀವಿ ಚಿತ್ರಗಳಿಗೆ ಕ್ಯಾಮೆರಾ ಹಿಡಿದು, ಸಂಕಲನದ ಮೇಜಿನ ಮುಂದೆ ಕೂತು ಬದುಕಿದವಳು ನಾನು. ಎರಡನ್ನೂ ಬಿಡಿಸಿ ನೋಡೋಣ.

ಮೊದಲು ಗೆಳೆಯರ ಮಾತು. ಚಿತ್ರ ಚೆನ್ನಾಗಿದ್ದರೆ ಯೋಜನೆ ನಿಲ್ಲುತ್ತಾ?

ಸಿಂಗಳೀಕದ ಹೆಸರಿನಲ್ಲೇ ಒಂದು ಅಣೆಕಟ್ಟು ಯೋಜನೆ ರದ್ದಾದ ಉದಾಹರಣೆ ನಮ್ಮ ಪಕ್ಕದಲ್ಲಿದೆ. ಕೇರಳದ ಸೈಲೆಂಟ್ ವ್ಯಾಲಿ. ಅಲ್ಲಿ ಕುಂತಿ ಹೊಳೆಗೆ ಅಡ್ಡ ಬರಬೇಕಿದ್ದ ಜಲವಿದ್ಯುತ್ ಯೋಜನೆಯನ್ನು 1980ರ ದಶಕದ ಮೊದಲಲ್ಲಿ ಕೈಬಿಟ್ಟರು. 1984ರಲ್ಲಿ ಆ ಕಾಡು ರಾಷ್ಟ್ರೀಯ ಉದ್ಯಾನವಾಯಿತು. ಅದನ್ನು ಉಳಿಸಿದ್ದು ಸಿನಿಮಾ ಅಲ್ಲ. ಜನರಿಗೆ ವಿಜ್ಞಾನ ಮುಟ್ಟಿಸುವ ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತಿನವರು ಯೋಜನೆಯ ಲೆಕ್ಕ ಬಿಡಿಸಿ ಊರೂರಿಗೆ ಹೇಳಿದರು. ಸುಗತಕುಮಾರಿಯಂಥ ಕವಿಗಳು ಬೀದಿಗಿಳಿದರು. ವಿಜ್ಞಾನಿಗಳು ವರದಿ ಕೊಟ್ಟರು, ನ್ಯಾಯಾಲಯದಲ್ಲಿ ವಾದ ನಡೆಯಿತು. ಚೆನ್ನೈನ ವನ್ಯಜೀವಿ ಚಿತ್ರ ನಿರ್ಮಾಪಕ ಶೇಖರ್ ದತ್ತಾತ್ರಿ ಆ ಕಾಡಿನ ಬಗ್ಗೆ ಮಾಡಿದ ಹೆಸರಾಂತ ಚಿತ್ರ ಬಂದದ್ದು ಕಾಡು ಉಳಿದ ಎಷ್ಟೋ ವರ್ಷಗಳ ಮೇಲೆ.

ಹಾಗಾದರೆ ಚಿತ್ರದಿಂದ ಏನೂ ಆಗಲ್ವಾ? ಆಗುತ್ತದೆ. ಅದಕ್ಕೂ ಉದಾಹರಣೆ ನಮ್ಮ ಮಲೆನಾಡಿನದೇ, ಅದೂ ಇದೇ ದತ್ತಾತ್ರಿಯವರದು. ಕುದುರೆಮುಖದ ಕಬ್ಬಿಣದ ಅದಿರಿನ ಗಣಿಗೆ ಇದ್ದ ಗುತ್ತಿಗೆ 1999ರಲ್ಲಿ ಮುಗಿಯಿತು. ಅದನ್ನು ಮುಂದುವರಿಸುವ ಪ್ರಯತ್ನ ಜೋರಾಗಿತ್ತು. ವೈಲ್ಡ್‌ಲೈಫ್ ಫಸ್ಟ್ ಸಂಘಟನೆ ಮತ್ತು ನಾಗರಹೊಳೆಯಲ್ಲಿ ರೇಂಜರ್ ಆಗಿದ್ದ ಕೆ.ಎಂ. ಚಿಣ್ಣಪ್ಪ ಇದರ ವಿರುದ್ಧ ಹೋರಾಟಕ್ಕೆ ನಿಂತಿದ್ದರು. ಆ ಹೋರಾಟದ ಕೈಗೆ ದತ್ತಾತ್ರಿ 2001ರಲ್ಲಿ ಒಂದು ಪುಟ್ಟ ಚಿತ್ರ ಮಾಡಿಕೊಟ್ಟರು. ಅಗೆದ ಗುಡ್ಡ, ಮಳೆಗಾಲದಲ್ಲಿ ಭದ್ರಾ ನದಿಗೆ ಇಳಿಯುವ ಕೆಂಪು ಹೂಳು ಅದರಲ್ಲಿ ಕಣ್ಣಿಗೆ ರಾಚುವಂತಿತ್ತು. 2002ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಆದೇಶ ಬಂತು. 2005ರ ಕೊನೆಗೆ ಗಣಿ ನಿಂತಿತು.

ಆ ಚಿತ್ರ ಗೆದ್ದದ್ದು ಯಾಕೆ ಅಂತ ಯೋಚಿಸಿ. ಅದರ ಬೆನ್ನಿಗೆ ನ್ಯಾಯಾಲಯದಲ್ಲಿ ಅರ್ಜಿ ಇತ್ತು, ಕಾನೂನಿನ ನೆಲೆ ಇತ್ತು, ಹೂಳಿನ ಲೆಕ್ಕ ಹಿಡಿಯುವವರಿದ್ದರು, ಬೆನ್ನು ಬಿಡದೆ ಓಡಾಡುವ ಜನ ಇದ್ದರು. ಕಾಗದದಲ್ಲಿ ಓದಿದರೆ ಮನಸ್ಸಿಗೆ ನಾಟದ ಒಂದು ಸಂಗತಿಯನ್ನು ಚಿತ್ರ ಕಣ್ಣೆದುರು ತಂದಿಟ್ಟಿತು. ಗುಜರಾತಿನ ಕರಾವಳಿಯಲ್ಲಿ ತಿಮಿಂಗಿಲ ಶಾರ್ಕ್‌ಗಳನ್ನು ಕೊಲ್ಲುವುದನ್ನು ಮೈಕ್ ಪಾಂಡೆ ಚಿತ್ರೀಕರಿಸಿದಾಗಲೂ ಹೀಗೇ ಆಯಿತು. 2000ದಲ್ಲಿ ಚಿತ್ರ ಬಂತು, 2001ರಲ್ಲಿ ಆ ಮೀನನ್ನು ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅತಿ ಹೆಚ್ಚು ರಕ್ಷಣೆ ಕೊಡುವ ಮೊದಲನೇ ಪಟ್ಟಿಗೆ ಸೇರಿಸಿದರು. ಅಲ್ಲಿ ಬೇಕಿದ್ದದ್ದು ಸರ್ಕಾರದ ಒಂದು ಸ್ಪಷ್ಟ ನಿರ್ಧಾರ. ಅದನ್ನು ತೆಗೆದುಕೊಳ್ಳುವವರು ಯಾರು ಅನ್ನುವುದೂ ಗೊತ್ತಿತ್ತು.

ಅದಕ್ಕೇ ನಿಮಗೆ ನನ್ನ ಮೊದಲ ಮಾತು: ಕ್ಯಾಮೆರಾ ಕೊಳ್ಳುವ ಮುಂಚೆ, ಈ ಚಿತ್ರ ಯಾರು ನೋಡಬೇಕು, ನೋಡಿದ ಮೇಲೆ ಅವರು ಏನು ತೀರ್ಮಾನ ಮಾಡಬೇಕು ಅನ್ನುವುದನ್ನು ಒಂದೇ ಸಾಲಿನಲ್ಲಿ ಬರೆಯಿರಿ. ಬರೆಯಲು ಆಗಲಿಲ್ಲವೆಂದರೆ ಆ ಚಿತ್ರಕ್ಕೆ ಇನ್ನೂ ಹೊತ್ತಾಗಿಲ್ಲ. "ಜನರಲ್ಲಿ ಜಾಗೃತಿ" ಅಂತ ಬರೆದರೆ ನಾನು ಒಪ್ಪುವುದಿಲ್ಲ. ಯಾವ ಜನ? ಸಾಗರ, ಹೊನ್ನಾವರದ ಗ್ರಾಮ ಪಂಚಾಯಿತಿಗಳೇ? ಬೆಂಗಳೂರಿನಲ್ಲಿ ಕರೆಂಟ್ ಉರಿಸುವವರೇ? ದೆಹಲಿಯಲ್ಲಿ ಒಪ್ಪಿಗೆ ಕೊಡುವ ಸಮಿತಿಗಳೇ? ಮೂವರಿಗೂ ಬೇರೆ ಬೇರೆ ಚಿತ್ರ ಬೇಕು. ಭಾಷೆ ಬೇರೆ, ಉದ್ದ ಬೇರೆ.

ನಿಮ್ಮ ಕಣಿವೆಯ ವಿಷಯಕ್ಕೆ ಬಂದರೆ, 2000 ಮೆಗಾವಾಟ್‌ನ ಆ ಯೋಜನೆ ತಳಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ ನೀರನ್ನು ಏರಿಸಿ, ಇಳಿಸಿ ಕರೆಂಟ್ ತೆಗೆಯುವಂಥದ್ದು. ಅದು ಬರುವ ಜಾಗ 2019ರಲ್ಲಿ ರೂಪುಗೊಂಡ, ಸುಮಾರು 930 ಚದರ ಕಿಲೋಮೀಟರ್‌ನ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯ. ಇಂಥ ಯೋಜನೆಗಳ ಅರ್ಜಿ, ನಕ್ಷೆ, ಪರಿಸರ ಪರಿಣಾಮದ ವರದಿ, ಸಭೆಯ ನಡಾವಳಿ ಎಲ್ಲ ಕೇಂದ್ರ ಸರ್ಕಾರದ ಪರಿವೇಶ್ ಜಾಲತಾಣದಲ್ಲಿ ಸಿಗುತ್ತವೆ. ಸಿಗದೇ ಇದ್ದದ್ದಕ್ಕೆ ಮಾಹಿತಿ ಹಕ್ಕು ಅರ್ಜಿ ಹಾಕಬಹುದು. ಮೊದಲು ಅವನ್ನು ಓದಿ. ಸಾಫ್ಟ್‌ವೇರ್‌ನಲ್ಲಿ ಇರುವವರಿಗೆ ಉದ್ದ ಕಡತ ಓದುವ ಅಭ್ಯಾಸ ಇರುತ್ತದೆ, ಅದು ಈ ಕೆಲಸದಲ್ಲಿ ದೊಡ್ಡ ಬಲ. ವರದಿಯಲ್ಲಿ ಒಂದು ಜಾಗವನ್ನು ಕುರುಚಲು ಕಾಡು ಅಂತ ಬರೆದಿದ್ದಾರೆ ಅನ್ನಿ. ನೀವು ಅಲ್ಲೇ ನಿಂತು ಎತ್ತರದ ಮರಗಳ ಮೇಲೆ ಮರಿ ಹೊತ್ತ ಸಿಂಗಳೀಕವನ್ನು ತಾರೀಖಿನ ಸಮೇತ ತೋರಿಸಿದರೆ ಅದು ಸಾಕ್ಷಿ. ಸುಮ್ನೆ ಚೆಂದದ ಸಿಂಗಳೀಕ ತೋರಿಸಿದರೆ ಅದು ಚೆಂದದ ಸಿಂಗಳೀಕ, ಅಷ್ಟೇ.

ಇನ್ನು ಹೊಟ್ಟೆಪಾಡು. ಅಪ್ಪ ಕೇಳಿದ್ದು ನ್ಯಾಯವಾದ ಪ್ರಶ್ನೆ.

ಟಿವಿ ಚಾನೆಲ್‌ಗಳು, ಓಟಿಟಿಗಳು ಕೊಳ್ಳುವ ವನ್ಯಜೀವಿ ಚಿತ್ರಗಳಲ್ಲಿ ಪ್ರಾಣಿ ಇರುತ್ತದೆ, ಬೆಳಕು ಇರುತ್ತದೆ, ಬೇಟೆ ಇರುತ್ತದೆ. ಗಣಿ, ರಸ್ತೆ, ಕಡತ, ಅಧಿಕಾರಿ ಇರುವುದಿಲ್ಲ. ಕಾರಣ ಸರಳ. ಅಂಥ ಚಿತ್ರ ಹತ್ತಾರು ದೇಶಗಳಲ್ಲಿ ವರ್ಷಗಟ್ಟಲೆ ಓಡಬೇಕು. ಚಿಕ್ಕಮಗಳೂರಿನ ಒಂದು ಗಣಿಯ ಜಗಳ ಜಪಾನಿನ ನೋಡುಗರಿಗೆ ಬೇಡ, ಎರಡು ವರ್ಷಕ್ಕೆ ಅದು ಹಳೇ ಸುದ್ದಿ. ಮೇಲೆ ಮೊಕದ್ದಮೆಯ ಭಯ. ಹೀಗಾಗಿ ಕಾಡು ಉಳಿಸುವ ಚಿತ್ರಕ್ಕೆ ಮಾರುಕಟ್ಟೆಯೇ ಇಲ್ಲ. ಅದು ಸಂಘಸಂಸ್ಥೆಗಳ ದುಡ್ಡಿನಲ್ಲಿ, ಅನುದಾನದಲ್ಲಿ, ಇಲ್ಲವೇ ಮಾಡುವವರ ಸ್ವಂತ ದುಡ್ಡಿನಲ್ಲಿ ಆಗುತ್ತದೆ. ಚಿತ್ರೋತ್ಸವದಲ್ಲಿ ಹೆಸರು ಬರಬಹುದು, ಬಾಡಿಗೆ ಕಟ್ಟುವಷ್ಟು ದುಡ್ಡು ಅಪರೂಪ. ಯೂಟ್ಯೂಬ್ ಜಾಹೀರಾತಿನ ಹಣವನ್ನು ನಂಬಿ ಮನೆ ನಡೆಸುವ ಯೋಚನೆಯೇ ಬೇಡ.

ಇದನ್ನು ಹೇಳಿ ನಿಮ್ಮನ್ನು ಹೆದರಿಸುವುದು ನನ್ನ ಉದ್ದೇಶ ಅಲ್ಲ. ಈ ದಾರಿಯಲ್ಲಿ ಗೆದ್ದವರು ಯಾವ ಕ್ರಮದಲ್ಲಿ ನಡೆದರು ನೋಡಿ. ದತ್ತಾತ್ರಿ ಹದಿಮೂರರ ವಯಸ್ಸಿನಲ್ಲಿ ಮದ್ರಾಸಿನ ಹಾವಿನ ಉದ್ಯಾನಕ್ಕೆ ಸ್ವಯಂಸೇವಕರಾಗಿ ಹೋದವರು. ಹಾವುಗಳ ತಜ್ಞ ರಾಮ್ಯುಲಸ್ ವಿಟೇಕರ್ ಜೊತೆ ಹಾವು, ಕಪ್ಪೆ, ಕಾಡು ಕಲಿತರು. ಮೊದಲು ಫೋಟೋ. ಹಾವು ಕಡಿತದ ಬಗ್ಗೆ ಚಿತ್ರ ಮಾಡಲು ಅಲ್ಲಿಗೆ ಬಂದವರ ಜೊತೆ ಕೆಲಸ ಮಾಡುತ್ತಾ ಸಿನಿಮಾ ಕಲಿತರು. ಆಮೇಲೆ ವರ್ಷಗಟ್ಟಲೆ ಅಂತರರಾಷ್ಟ್ರೀಯ ಚಾನೆಲ್‌ಗಳಿಗೆ ದುಡಿದರು, ನಮ್ಮ ನಾಗರಹೊಳೆಯ ಮೇಲೂ ಚಿತ್ರ ಮಾಡಿದರು. ಇಷ್ಟೆಲ್ಲ ಆದ ಮೇಲೆ, 2000ದ ಹೊತ್ತಿಗೆ, ಅದನ್ನು ಬಿಟ್ಟು ಸಂರಕ್ಷಣೆಯ ಚಿತ್ರಗಳಿಗೆ ತಿರುಗಿದರು. 2004ರಲ್ಲಿ ರೋಲೆಕ್ಸ್ ಪ್ರಶಸ್ತಿ ಸಿಕ್ಕಿದ್ದು ಈ ಎರಡನೇ ಘಟ್ಟದ ಕೆಲಸಕ್ಕೆ. ಅವರಿಗೆ ಆ ಹೊತ್ತಿಗೆ ಕೈಯಲ್ಲಿ ಕಸುಬು ಇತ್ತು, ಹೆಸರಿತ್ತು, ಕಾಡು ಬಲ್ಲವರ ಬಳಗ ಇತ್ತು.

ಮೈಸೂರಿನ ವನ್ಯಜೀವಿ ಚಿತ್ರಕಾರರ ಜೋಡಿ ಕೃಪಾಕರ-ಸೇನಾನಿ ನಿಮಗೆ ಗೊತ್ತೇ ಇರುತ್ತಾರೆ. 1997ರಲ್ಲಿ ಇವರಿಬ್ಬರನ್ನು ಕಾಡುಗಳ್ಳ ವೀರಪ್ಪನ್ ಅಪಹರಿಸಿದ್ದ ಕಥೆ ಎಲ್ಲರಿಗೂ ನೆನಪಿದೆ. ಆದರೆ ಅವರ ಬದುಕಿನಲ್ಲಿ ನಿಮಗೆ ಪಾಠ ಇರುವುದು ಬೇರೆ ಕಡೆ. ಸೀಳುನಾಯಿ ಅನ್ನುವ, ಯಾರಿಗೂ ಬೇಡವಾಗಿದ್ದ ಒಂದು ಪ್ರಾಣಿಯ ಹಿಂದೆ ಅವರು ವರ್ಷಗಟ್ಟಲೆ ಬಿದ್ದರು. 2010ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ನಡೆಯುವ ವೈಲ್ಡ್‌ಸ್ಕ್ರೀನ್ ವನ್ಯಜೀವಿ ಚಿತ್ರೋತ್ಸವದ ಪಾಂಡಾ ಪ್ರಶಸ್ತಿ ಬಂದದ್ದು ಅಂಥ ಒಡನಾಟದ ಫಲವಾಗಿ. ಹೀಗೆ ಒಂದು ಪ್ರಾಣಿಯನ್ನು ಬಲ್ಲವರಿಗೆ, ಅದು ಮುಂದಿನ ಕ್ಷಣ ಏನು ಮಾಡುತ್ತದೆ ಅನ್ನುವುದು ಮೊದಲೇ ಗೊತ್ತಾಗುತ್ತದೆ. ದುಬಾರಿ ಲೆನ್ಸ್ ಇದ್ದವರು ಆ ಕ್ಷಣ ಕಳೆದುಕೊಳ್ಳುವುದನ್ನು ನಾನು ಜಾಸ್ತಿ ನೋಡಿದ್ದೇನೆ. ಸಿಂಗಳೀಕದ ವಿಷಯದಲ್ಲಿ ನಿಮಗೆ ಈ ತಿಳಿವಳಿಕೆ ಬಾಲ್ಯದಿಂದ ಬಂದಿದೆ. ಅದೇ ನಿಮ್ಮ ಬಂಡವಾಳ.

ಈಗ ನಿಮ್ಮ ಮುಂದಿರುವ ದಾರಿಗಳು. ಕೆಲಸ ಬಿಟ್ಟು ಸಾಲ ಮಾಡುವ ದಾರಿಯನ್ನು ನಾನು ಒಪ್ಪುವುದಿಲ್ಲ. ಸಾಲದ ಕಂತು ಶುರುವಾದ ತಿಂಗಳಿಂದ ಮದುವೆ ವಿಡಿಯೋ, ಕಂಪನಿ ವಿಡಿಯೋ ಸಿಕ್ಕಿದ್ದಕ್ಕೆಲ್ಲ ಒಪ್ಪಿಕೊಳ್ಳುತ್ತೀರಿ. ಕಾಡಿಗೆ ಹೋಗಲು ಈಗ ಸಿಗುವಷ್ಟು ಸಮಯವೂ ಆಗ ಸಿಗುವುದಿಲ್ಲ. ಕೆಲಸದಲ್ಲಿದ್ದುಕೊಂಡೇ ರಜೆ, ವಾರಾಂತ್ಯದಲ್ಲಿ ಚಿತ್ರೀಕರಿಸುವುದು ಎರಡನೇ ದಾರಿ. ದುಡ್ಡಿನ ಭಯ ಇಲ್ಲ. ಆದರೆ ಪ್ರಾಣಿಗಳು ಶನಿವಾರಕ್ಕೆ ಕಾಯುವುದಿಲ್ಲ, ಕೆಲಸ ಎಳೆದುಕೊಂಡು ಹೋಗುತ್ತದೆ, ಎಷ್ಟೋ ಜನ ಅರ್ಧಕ್ಕೇ ಬಿಡುತ್ತಾರೆ. ನಿಮಗೆ ಮನೆಯಿಂದ ಕೆಲಸ ಮಾಡುವ ಅವಕಾಶ ಇದ್ದರೆ, ಊರಿನಲ್ಲೇ ಇದ್ದು ಬೆಳಗಿನ ಹೊತ್ತು ಸಿಂಗಳೀಕಕ್ಕೆ ಕೊಡುವುದಾದರೆ, ಈ ದಾರಿಯ ಅರ್ಧ ಕಷ್ಟ ಕಡಿಮೆಯಾಗುತ್ತದೆ.

ಮೂರನೆಯದು ಬೇರೆಯವರ ತಂಡದಲ್ಲಿ ಸಹಾಯಕಿಯಾಗಿ ಸೇರುವುದು. ಬೆಂಗಳೂರು, ಮೈಸೂರಿನಲ್ಲಿ ವನ್ಯಜೀವಿ ಚಿತ್ರ ಮಾಡುವ ತಂಡಗಳಿವೆ. ಸಂಬಳ ಈಗಿನದರ ಹತ್ತಿರಕ್ಕೂ ಬರುವುದಿಲ್ಲ, ಟ್ರೈಪಾಡ್ ಹೊರಬೇಕು, ಕಾರ್ಡ್ ಕಾಪಿ ಮಾಡಬೇಕು, ಚಿತ್ರದಲ್ಲಿ ಹೆಸರು ಬಂದರೆ ಬಂತು. ಆದರೆ ಕಲಿಯಲು ಇದಕ್ಕಿಂತ ಒಳ್ಳೆ ಜಾಗ ನಾನು ಕಂಡಿಲ್ಲ. ಯಾವ ತಂಡಕ್ಕೆ ಸೇರಿದರೂ ನೀವು ತೆಗೆದ ದೃಶ್ಯಗಳು ಯಾರಿಗೆ ಸೇರುತ್ತವೆ, ದಿನದ ಕೂಲಿ ಎಷ್ಟು, ವಿಮೆ ಯಾರು ಮಾಡಿಸುತ್ತಾರೆ ಅನ್ನುವುದನ್ನು ಮೊದಲೇ ಬರೆಸಿಕೊಳ್ಳಿ. ಬಾಯಿಮಾತಿನ ಮೇಲೆ ನಂಬಿ ವರ್ಷದ ದುಡಿಮೆ ಕಳೆದುಕೊಂಡ ಹುಡುಗರು ನನ್ನ ಹತ್ತಿರ ಬಂದಿದ್ದಾರೆ.

ನನ್ನ ಸಲಹೆ ಎರಡು ಮತ್ತು ಮೂರನ್ನು ಬೆಸೆಯುವುದು. ಒಂದು ವರ್ಷ ಕೆಲಸದಲ್ಲಿದ್ದೇ ಒಂದು ಪುಟ್ಟ ಚಿತ್ರ ಮುಗಿಸಿ. ಅದನ್ನು ಹಿಡಿದು ತಂಡಗಳ ಬಾಗಿಲು ತಟ್ಟಿ. ಆರು ಲಕ್ಷವನ್ನು ಮುಟ್ಟದೆ, ಸಹಾಯಕಿಯಾಗಿ ಕಲಿಯುವ ಕಾಲದ ಊಟ, ಬಾಡಿಗೆಗೆ ಅಂತ ಇಟ್ಟುಕೊಳ್ಳಿ.

ಕೋರ್ಸ್ ಬೇಕೇಬೇಕು ಅಂತಿಲ್ಲ. ಬ್ರಿಸ್ಟಲ್‌ನಲ್ಲಿ ವನ್ಯಜೀವಿ ಚಿತ್ರಕ್ಕೆಂದೇ ಸ್ನಾತಕೋತ್ತರ ಕೋರ್ಸ್ ಇದೆ. ಒಳ್ಳೆಯದು, ತುಂಬಾ ದುಬಾರಿ. ಅದಕ್ಕಿಂತ ನನಗೆ ಹಿಡಿಸಿದ್ದು ಅಸ್ಸಾಂನ ತೇಜ್‌ಪುರದಲ್ಲಿ ರೀಟಾ ಬ್ಯಾನರ್ಜಿ 2014ರಲ್ಲಿ ಕಟ್ಟಿದ ಗ್ರೀನ್ ಹಬ್. ಈಶಾನ್ಯದ ಹಳ್ಳಿಗಳ ಹುಡುಗ ಹುಡುಗಿಯರಿಗೆ ಫೆಲೋಶಿಪ್ ಕೊಟ್ಟು, ಕ್ಯಾಮೆರಾ ಕಲಿಸಿ, ಅವರದೇ ಕಾಡಿನ ಚಿತ್ರ ಅವರಿಂದಲೇ ಮಾಡಿಸುತ್ತಾರೆ. ಕಾಡುಪ್ರಾಣಿ ಬೇಟೆಯ ಬಗ್ಗೆ ಮಾಡಿದ ಚಿತ್ರಕ್ಕೆ ರೀಟಾ ಅವರಿಗೂ 2010ರಲ್ಲಿ ಪಾಂಡಾ ಪ್ರಶಸ್ತಿ ಬಂದಿತ್ತು. "ಹುಡುಗಿ ಒಬ್ಬಳೇ" ಅನ್ನುವ ಮಾತಿಗೆ ಅಪ್ಪನಿಗೆ ಅವರ ಬದುಕನ್ನು ತೋರಿಸಿ. ನೀವು ಕಲಿಯಲೇಬೇಕಾದ ಒಂದು ವಿದ್ಯೆ ಸಂಕಲನ. ಫೋಟೋದಿಂದ ವಿಡಿಯೋಗೆ ಬರುವವರು ಬಿಡಿಬಿಡಿಯಾಗಿ ಅಂದದ ಶಾಟ್‌ಗಳನ್ನು ತರುತ್ತಾರೆ, ಒಂದಕ್ಕೊಂದು ಕೂಡುವುದೇ ಇಲ್ಲ. ಸಿಂಗಳೀಕ ಹಣ್ಣನ್ನು ನೋಡಿದ್ದು, ಕೈ ಚಾಚಿದ್ದು, ಪಕ್ಕದ್ದು ಕಿತ್ತುಕೊಳ್ಳಲು ಬಂದದ್ದು, ಇಡೀ ಮರ: ಇಷ್ಟೂ ಇದ್ದರೆ ಒಂದು ಘಟನೆ ಆಗುತ್ತದೆ. ನಿಮ್ಮ ಫೋನಿನಲ್ಲೇ ಮನೆಯ ಬೆಕ್ಕಿನ ಮೇಲೆ ಇದನ್ನು ಅಭ್ಯಾಸ ಮಾಡಬಹುದು.

ಕ್ಯಾಮೆರಾ ಬಗ್ಗೆ ಜಾಸ್ತಿ ಹೇಳುವುದಿಲ್ಲ. 600 ಎಂಎಂನ ದೊಡ್ಡ ಲೆನ್ಸ್ ಒಂದಕ್ಕೇ ಹತ್ತು ಲಕ್ಷ ದಾಟುತ್ತದೆ. ಬೇಡ. ಸೆಕೆಂಡ್ ಹ್ಯಾಂಡ್ ಮಿರರ್‌ಲೆಸ್ ಕ್ಯಾಮೆರಾ, 100-400ರ ಜೂಮ್, ಗಟ್ಟಿ ಟ್ರೈಪಾಡ್, ಒಂದು ಒಳ್ಳೆ ಮೈಕ್ ಸಾಕು. ದೊಡ್ಡದು ಬೇಕಾದ ದಿನ ಬೆಂಗಳೂರಿನಲ್ಲಿ ಬಾಡಿಗೆಗೆ ಸಿಗುತ್ತದೆ. ಸಿಂಗಳೀಕ ಕಪ್ಪು ಪ್ರಾಣಿ, ಎತ್ತರದ ಮರದಲ್ಲಿರುತ್ತದೆ, ಹಿಂದೆ ಬಿಳಿ ಆಕಾಶ. ಕೆಳಗಿನಿಂದ ತೆಗೆದರೆ ಎಷ್ಟು ದುಬಾರಿ ಲೆನ್ಸ್‌ನಲ್ಲೂ ಬರೀ ನೆರಳು. ಗುಡ್ಡದ ಇಳಿಜಾರಿನಲ್ಲಿ ಮೇಲೆ ನಿಂತರೆ ಕೆಳಗಿನ ಮರದ ನೆತ್ತಿ ನಿಮ್ಮ ಕಣ್ಣಿನ ಮಟ್ಟಕ್ಕೆ ಬರುತ್ತದೆ, ಹಿಂದೆ ಹಸಿರು ಸಿಗುತ್ತದೆ. ಊರಿನವರಿಗೆ ಅಂಥ ಜಾಗ ಗೊತ್ತಿರುತ್ತದೆ. ಮಲೆನಾಡಿನ ಮಳೆಗಾಲಕ್ಕೆ ಲೆನ್ಸ್ ಒಳಗೆ ಬೂಷ್ಟು ಹಿಡಿಯುತ್ತದೆ, ಗಾಳಿಯಾಡದ ಡಬ್ಬಿ ಮತ್ತು ಸಿಲಿಕಾ ಜೆಲ್ ತಪ್ಪಿಸಬೇಡಿ.

ಅನುಮತಿಯ ವಿಷಯದಲ್ಲಿ ಗೆಳೆಯರು ಹೇಳಿದ್ದು ಪೂರ್ತಿ ತಪ್ಪು. ಅಭಯಾರಣ್ಯದೊಳಗೆ ಚಿತ್ರೀಕರಣಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 28ನೇ ಕಲಮಿನಡಿ ಮುಖ್ಯ ವನ್ಯಜೀವಿ ಪರಿಪಾಲಕರ ಪರವಾನಗಿ ಬೇಕು. ಕಾನೂನು ಕ್ಯಾಮೆರಾದ ಗಾತ್ರ ಕೇಳುವುದಿಲ್ಲ. 2022ರ ತಿದ್ದುಪಡಿಯಲ್ಲಿ ಚಿತ್ರ ತಯಾರಿಕೆ ಅನ್ನುವ ಮಾತನ್ನೇ ಸೇರಿಸಿ, ನೆಲೆಗೂ ಪ್ರಾಣಿಗೂ ಧಕ್ಕೆ ಆಗದಂತೆ ಅಂತ ಷರತ್ತು ಹಾಕಿದ್ದಾರೆ. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಪ್ರಾಣಿಗೆ ತಿಂಡಿಯ ಆಮಿಷ ಒಡ್ಡುವುದು, ಓಡಿಸುವುದು ಕೂಡ ಆ ಕಾಯ್ದೆಯ ಪ್ರಕಾರ "ಬೇಟೆ". ಹತ್ತಿರದ ಶಾಟ್‌ಗಾಗಿ ಬಾಳೆಹಣ್ಣು ಎಸೆದರೆ ನೀವು ಅಪರಾಧಿ. ಡ್ರೋನ್ ಅನುಮತಿ ಇಲ್ಲದೆ ಹಾರಿಸಲೇಬೇಡಿ. ಪರವಾನಗಿಗೆ ತಿಂಗಳುಗಟ್ಟಲೆ ಕಾಯಬೇಕಾಗಬಹುದು, ಯೋಜನೆಯನ್ನು ಪ್ರಶ್ನಿಸುವ ಚಿತ್ರ ಅಂದಾಗ ಸಿಗದೆಯೂ ಇರಬಹುದು. ಆಗ ನಿಮ್ಮ ಸ್ವಂತ ತೋಟದಿಂದ, ಕಂದಾಯ ಭೂಮಿಯಿಂದ, ಸಾರ್ವಜನಿಕ ರಸ್ತೆಯಿಂದ ತೆಗೆಯಬಹುದಾದ ಚಿತ್ರವನ್ನೇ ಯೋಚಿಸಿ. ಕದ್ದು ತೆಗೆದ ಒಂದು ದೃಶ್ಯ ಸಾಕು, ಎದುರಿನವರು ಇಡೀ ಚಿತ್ರವನ್ನು ಬದಿಗೆ ತಳ್ಳುತ್ತಾರೆ. ಬೇರೆ ಕಾಡಿನ ಶಾಟ್ ಸೇರಿಸಿ ಇಲ್ಲಿಯದು ಅನ್ನುವುದೂ ಅಷ್ಟೇ ಅಪಾಯ. ಮೂಲ ಫೈಲ್‌ಗಳನ್ನು ತಾರೀಖು, ಜಾಗದ ಸಮೇತ ಎರಡು ಕಡೆ ಕಾಪಿಡಿ. ಮಾತಾಡಿದ ಊರಿನವರಿಗೆ ಚಿತ್ರ ಹೊರಬಿಡುವ ಮೊದಲು ತೋರಿಸಿ. ನೀವು ಬೆಂಗಳೂರಿಗೆ ವಾಪಸಾಗುತ್ತೀರಿ, ಗುತ್ತಿಗೆದಾರ, ಅಧಿಕಾರಿಗಳ ಮುಂದೆ ಬದುಕಬೇಕಾದವರು ಅವರು.

ಮೊದಲ ಚಿತ್ರಕ್ಕೆ ಅಣೆಕಟ್ಟಿನ ಜಗಳವನ್ನೇ ಎತ್ತಿಕೊಳ್ಳಬೇಡಿ ಅನ್ನುವುದು ನನ್ನ ಪ್ರೀತಿಯ ಒತ್ತಾಯ. ಉಪ್ಪಾಗೆ ಹಣ್ಣಿನ ಮೇಲೆ ಹತ್ತು ನಿಮಿಷದ ಚಿತ್ರ ಮಾಡಿ. ಸಿಂಗಳೀಕಕ್ಕೂ ಅದು ಆಹಾರ, ಅದರ ಸಿಪ್ಪೆ ಒಣಗಿಸಿ ಮಾರುವ ನಿಮ್ಮ ಭಾಗದ ಮನೆಗಳಿಗೂ ಅದು ಆದಾಯ. ಮರ ಹತ್ತಿ ಎಲ್ಲ ಕೊಯ್ದರೆ ಮಂಗಕ್ಕೆ ಉಳಿಯುವುದಿಲ್ಲ, ಕೊಂಬೆ ಕಡಿದರೆ ಮುಂದಿನ ವರ್ಷ ಮನುಷ್ಯರಿಗೂ ಇಲ್ಲ. ನೋಡಬೇಕಾದವರು ಯಾರು ಗೊತ್ತು: ಕೊಯ್ಯುವವರು, ಖರೀದಿಸುವವರು, ಗ್ರಾಮ ಅರಣ್ಯ ಸಮಿತಿಯವರು. ತೀರ್ಮಾನವೂ ಅವರ ಕೈಯಲ್ಲೇ ಇದೆ. ಇದನ್ನು ಮಾಡುವಷ್ಟರಲ್ಲಿ ಕಣಿವೆಯ ಜನ, ಸಂಶೋಧಕರು, ಅರಣ್ಯ ಸಿಬ್ಬಂದಿ ಎಲ್ಲ ಪರಿಚಯ ಆಗುತ್ತಾರೆ. ಯೋಜನೆಯ ವಿರುದ್ಧ ಹೋರಾಡುವವರಿಗೆ ಈಗಲೇ ನೆರವಾಗಬೇಕು ಅನಿಸಿದರೆ, ಅವರ ಸಭೆ, ಹೇಳಿಕೆ, ಜಾಗದ ಸ್ಥಿತಿಯನ್ನು ಶಿಸ್ತಾಗಿ ಚಿತ್ರೀಕರಿಸಿ ಅವರ ವಕೀಲರಿಗೆ ಕೊಡಿ. ಅದಕ್ಕೆ ಟೈಟಲ್ ಕಾರ್ಡ್ ಇರುವುದಿಲ್ಲ, ಆದರೆ ಅದೂ ಇದೇ ಕಸುಬು.

ಕೊನೆಗೆ ಅಪ್ಪನ ಇನ್ನೊಂದು ಆತಂಕ. ಒಬ್ಬರೇ ಕಾಡಿಗೆ ಹೋಗಬೇಡಿ. ಇದನ್ನು ನಾನು ಗಂಡಸರಿಗೂ ಹೇಳುತ್ತೇನೆ. ಕಾಡು ಬಲ್ಲ ಊರಿನವರೊಬ್ಬರನ್ನು ದಿನಗೂಲಿ ಕೊಟ್ಟು ಕರೆದುಕೊಂಡು ಹೋಗಿ, ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಬರುತ್ತೀರಿ ಅನ್ನುವುದನ್ನು ಮನೆಯಲ್ಲಿ ಬರೆದಿಡಿ. ನಿಮ್ಮ ಭಾಗದಲ್ಲಿ ಹುಲಿ, ಚಿರತೆಗಿಂತ ಹೆಚ್ಚು ಹೆದರಬೇಕಾದದ್ದು ಉಣುಗಿಗೆ. ಉಣುಗಿನಿಂದ ಹರಡುವ ಮಂಗನ ಕಾಯಿಲೆ ನಿಮ್ಮ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ 1957ರಲ್ಲಿ ಮೊದಲು ಕಂಡದ್ದು. ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ 2019ರ ಬೇಸಿಗೆಯ ಹೊತ್ತಿಗೆ ಆ ಕಾಯಿಲೆ ಹಬ್ಬಿದ್ದು ಅಪ್ಪನಿಗೆ ನೆನಪಿರುತ್ತದೆ. ಡಿಸೆಂಬರ್‌ನಿಂದ ಮೇವರೆಗೆ ಕಾಡಿಗೆ ಹೋಗುವಾಗ ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲ ಕೈಕಾಲಿಗೆ ಹಚ್ಚಿಕೊಳ್ಳಿ, ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ, ಮನೆಗೆ ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ ಸ್ನಾನ ಮಾಡಿ. ಸತ್ತು ಬಿದ್ದ ಮಂಗ ಕಂಡರೆ ಚಿತ್ರ ತೆಗೆಯಲು ಹತ್ತಿರ ಹೋಗಬೇಡಿ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಕಾಡಿನಿಂದ ಬಂದ ಮೇಲೆ ಜ್ವರ ಬಂದರೆ ಮಾತ್ರೆ ನುಂಗಿ ಕಾಯುತ್ತಾ ಕೂರದೆ, ಅದೇ ದಿನ ವೈದ್ಯರ ಹತ್ತಿರ ಹೋಗಿ, ಕಾಡಿಗೆ ಹೋಗಿದ್ದೆ ಅಂತ ಮೊದಲೇ ಹೇಳಿ.